ವೇಡರ್‌ಗೆ ನೀರು ತುಂಬಿದರೆ ಮುಳುಗುತ್ತೇವೆಯೇ? ತಣ್ಣೀರಿನಲ್ಲಿ ಮೀನು ಹಿಡಿಯುವವರು ನಂಬಿರುವ 5 ಮಾತುಗಳು

ಓದಲು ಅಥವಾ ಕೆಲಸಕ್ಕೆಂದು ಸ್ಕಾಟ್ಲೆಂಡ್‌ಗೆ ಹೋದವರನ್ನು ಅಲ್ಲಿನ ಗೆಳೆಯರು "ವಾರಾಂತ್ಯಕ್ಕೆ ಮೀನು ಹಿಡಿಯೋಕೆ ಬರ್ತೀರಾ?" ಎಂದು ಕರೆದರೆ ಅಚ್ಚರಿಯಿಲ್ಲ. ಗುಡ್ಡಗಳ ನಡುವಿನ ಸರೋವರ, ತಿಳಿ ನೀರಿನ ನದಿ, ನಾಲ್ಕೈದು ಮಂದಿ ಗೆಳೆಯರು. ಇದರ ಜೊತೆಗೆ ಒಂದಷ್ಟು ಸಲಹೆಗಳೂ ಸಿಗುತ್ತವೆ: "ವೇಡರ್‌ಗೆ ನೀರು ನುಗ್ಗಿದರೆ ಕಥೆ ಮುಗೀತು", "ಈಜು ಬಂದರೆ ಸಾಕು", "ಒಂದು ಪೆಗ್ ವಿಸ್ಕಿ ಹಾಕಿದರೆ ಚಳಿ ಹತ್ತಿರ ಬರಲ್ಲ". ಇವುಗಳಲ್ಲಿ ಕೆಲವು ತಪ್ಪು, ಕೆಲವು ಪ್ರಾಣಕ್ಕೇ ಕುತ್ತು ತರುವಂಥವು. ಒಂದೊಂದಾಗಿ ನೋಡೋಣ.

ಫ್ಲೈ ಫಿಶಿಂಗ್ ಎಂದರೇನು?

ನಮ್ಮಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸಿ ಕಾಯುತ್ತಾರೆ. ಫ್ಲೈ ಫಿಶಿಂಗ್‌ನಲ್ಲಿ ಹುಳು ಇರುವುದಿಲ್ಲ. ಚಿಕ್ಕ ಕೊಕ್ಕೆಗೆ ಹಕ್ಕಿಯ ಗರಿ, ಪ್ರಾಣಿಯ ಕೂದಲು, ದಾರ ಸುತ್ತಿ ನೀರಿನ ಕೀಟದಂತೆ ಕಾಣುವ ಹಾಗೆ ಕಟ್ಟಿರುತ್ತಾರೆ. ಅದಕ್ಕೇ 'ಫ್ಲೈ' ಎನ್ನುತ್ತಾರೆ. ಅದಕ್ಕೆ ತೂಕವೇ ಇಲ್ಲದ ಕಾರಣ ಕಲ್ಲಿನಂತೆ ಬೀಸಿ ಎಸೆಯಲಾಗದು. ಇಲ್ಲಿ ತೂಕ ಇರುವುದು ದಾರದಲ್ಲಿ. ಕೋಲನ್ನು ಹಿಂದೆ ಮುಂದೆ ಬೀಸಿದಾಗ ದಪ್ಪ ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಫ್ಲೈಯನ್ನು ಹೊತ್ತೊಯ್ಯುತ್ತದೆ.

ಹೀಗೆ ಬೀಸಲು ಹಿಂದೆ ಮರಗಿಡ ಇರಬಾರದು, ಮೀನಿರುವ ಜಾಗಕ್ಕೂ ಹತ್ತಿರವಾಗಬೇಕು. ಆದ್ದರಿಂದ ಜನ ನೀರಿಗಿಳಿಯುತ್ತಾರೆ. ಟೇ, ಸ್ಪೇ, ಡೀ, ಟ್ವೀಡ್ ನದಿಗಳಲ್ಲಿ ಸಾಲ್ಮನ್ ಹಿಡಿಯುವವರು ಸೊಂಟದ ಮಟ್ಟದ ಹರಿವಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಅಲ್ಲಿ ಸರೋವರಕ್ಕೆ 'ಲಾಖ್' ಎನ್ನುತ್ತಾರೆ. ಅವುಗಳಲ್ಲಿ ದೋಣಿಯಿಂದಲೂ ಮೀನು ಹಿಡಿಯುತ್ತಾರೆ. ಪಾದದಿಂದ ಎದೆಯವರೆಗೆ ಬರುವ, ನೀರು ಒಳಹೋಗದ ಪ್ಯಾಂಟಿನಂಥ ಉಡುಪೇ ವೇಡರ್.

ನಂಬಿಕೆ 1: ವೇಡರ್‌ಗೆ ನೀರು ತುಂಬಿದರೆ ಅದು ಕಲ್ಲಿನಂತೆ ಕೆಳಗೆಳೆಯುತ್ತದೆ

ವಾಸ್ತವ: ತಪ್ಪು.

ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು. ತುಂಬಿದ ಕೊಡ ನೀರಿನೊಳಗೆ ಇರುವವರೆಗೆ ಹಗುರ. ನೀರಿನ ಮಟ್ಟ ದಾಟಿ ಮೇಲೆ ಬಂದೊಡನೆ ಭಾರ. ವೇಡರ್ ಒಳಗಿನ ನೀರಿಗೂ ಇದೇ ಲೆಕ್ಕ. ಹೊರಗೂ ನೀರು, ಒಳಗೂ ನೀರು ಇರುವಾಗ ಆ ನೀರು ನಿಮ್ಮನ್ನು ಕೆಳಗೆಳೆಯುವುದಿಲ್ಲ. ಅಮೆರಿಕದ ಹೆಸರಾಂತ ಮೀನುಗಾರ ಲೀ ವುಲ್ಫ್ 1940ರ ದಶಕದಲ್ಲಿ ವೇಡರ್ ತೊಟ್ಟುಕೊಂಡೇ ಸೇತುವೆಯಿಂದ ನದಿಗೆ ಹಾರಿ, ಈಜಿ ದಡ ಸೇರಿ ಇದನ್ನು ತೋರಿಸಿದ್ದರು.

ಹಾಗಾದರೆ ಅಪಾಯವೇ ಇಲ್ಲವೇ? ಇದೆ, ಆದರೆ ಬೇರೆ ಬಗೆಯದು. ನೀರು ತುಂಬಿದ ವೇಡರ್‌ನಲ್ಲಿ ಕಾಲು ಆಡಿಸುವುದು ಕಷ್ಟ, ಹರಿವು ಅದನ್ನು ಜೋರಾಗಿ ತಳ್ಳುತ್ತದೆ. ದಡ ಹತ್ತುವಾಗ ಮಾತ್ರ ಆ ನೀರೆಲ್ಲ ನಿಜವಾದ ಭಾರವಾಗುತ್ತದೆ. ಆದ್ದರಿಂದ ದಡಕ್ಕೆ ಬಂದೊಡನೆ ಎದ್ದು ನಿಲ್ಲಲು ಹೋಗದೆ ತೆವಳಿಕೊಂಡು ಬನ್ನಿ, ನೀರು ಇಳಿಯಲು ಬಿಡಿ. ಸೊಂಟಕ್ಕೆ ವೇಡರ್ ಬೆಲ್ಟ್ ಬಿಗಿದಿದ್ದರೆ ಒಳನುಗ್ಗುವ ನೀರೂ ಕಡಿಮೆ.

ಈ ತಪ್ಪು ನಂಬಿಕೆಯಿಂದ ಆಗುವ ದೊಡ್ಡ ನಷ್ಟ ಇನ್ನೊಂದಿದೆ. "ಇನ್ನು ಮುಗಿಯಿತು" ಎಂದು ಹೆದರಿದವನು ಕೈಕಾಲು ಬಡಿಯುತ್ತಾನೆ. ಹಾಗೆ ಬಡಿಯುವುದೇ ಅವನಿಗೆ ಮುಳುವಾಗುತ್ತದೆ. ಏಕೆಂದು ಮುಂದೆ ನೋಡಿ.

ನಂಬಿಕೆ 2: ಈಜು ಚೆನ್ನಾಗಿ ಬಂದರೆ ಭಯವಿಲ್ಲ

ವಾಸ್ತವ: ತಣ್ಣೀರಿನಲ್ಲಿ ಮೊದಲ ಒಂದೆರಡು ನಿಮಿಷ ಈಜು ಕೆಲಸಕ್ಕೆ ಬಾರದಿರಬಹುದು.

ನಮ್ಮ ಊರಿನ ಕೆರೆ, ಹೊಳೆಯಲ್ಲಿ ಈಜಿದ ಅನುಭವ ಇಲ್ಲಿ ನಡೆಯುವುದಿಲ್ಲ. ಲಾಖ್ ನೆಸ್ ಸರೋವರದ ಆಳ ಸುಮಾರು 230 ಮೀಟರ್. ಅದರ ಆಳದ ನೀರು ವರ್ಷವಿಡೀ 5ರಿಂದ 6 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಸ್ವಲ್ಪ ಬೆಚ್ಚಗಾಗುತ್ತದೆ. ಟೇ ನದಿಯಲ್ಲಿ ಸಾಲ್ಮನ್ ಹಂಗಾಮು ಶುರುವಾಗುವುದೇ ಜನವರಿ 15ಕ್ಕೆ. ಬಿಸಿಲು ಬಂದಿದೆ ಎಂದರೆ ಗಾಳಿ ಬೆಚ್ಚಗಿದೆ ಎಂದಷ್ಟೇ ಅರ್ಥ, ನೀರು ಬೆಚ್ಚಗಾಗಲು ವಾರಗಳೇ ಬೇಕು.

ಸುಮಾರು 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ದೇಹ ಥಟ್ಟನೆ ಬಿದ್ದಾಗ 'ಕೋಲ್ಡ್ ವಾಟರ್ ಶಾಕ್' ಆಗುತ್ತದೆ. ಚರ್ಮ ಒಮ್ಮೆಲೇ ತಣ್ಣಗಾದ ಸುದ್ದಿ ಮಿದುಳಿಗೆ ಮುಟ್ಟಿದೊಡನೆ, ನಾವು ಬೇಡವೆಂದರೂ ದೊಡ್ಡದಾಗಿ ಉಸಿರು ಒಳಗೆಳೆದುಕೊಳ್ಳುತ್ತೇವೆ. ಬೆಳಗ್ಗೆ ತಣ್ಣೀರನ್ನು ಬೆನ್ನ ಮೇಲೆ ಸುರಿದುಕೊಂಡಾಗ "ಹಾ!" ಎನ್ನುತ್ತೇವಲ್ಲ, ಅದರದೇ ದೊಡ್ಡ ರೂಪ ಇದು. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ನೀರು ನೇರ ಶ್ವಾಸಕೋಶಕ್ಕೆ. ಬಳಿಕ ಉಸಿರು ಏದುಸಿರಾಗುತ್ತದೆ, ಬಿಗಿಹಿಡಿಯಲು ಆಗುವುದಿಲ್ಲ. ರಕ್ತದೊತ್ತಡ, ಎದೆಬಡಿತ ಏರುತ್ತವೆ. ಹೃದ್ರೋಗ ಇರುವವರಿಗೆ ಇದೇ ಮಾರಕವಾಗಬಹುದು.

ತಣ್ಣೀರಿಗೆ ಬಿದ್ದವರ ವಿಷಯದಲ್ಲಿ ಸುರಕ್ಷತಾ ತರಬೇತಿಗಳಲ್ಲಿ ಕಲಿಸುವ ಲೆಕ್ಕ 1-10-1:

• 1 ನಿಮಿಷ: ಉಸಿರನ್ನು ಹತೋಟಿಗೆ ತರಲು ಬೇಕಾದ ಸಮಯ.
• 10 ನಿಮಿಷ: ಕೈಕಾಲು ಹೇಳಿದಂತೆ ಕೇಳುವ ಸಮಯ. ಆಮೇಲೆ ಬೆರಳು ಹಗ್ಗವನ್ನೂ ಹಿಡಿಯಲಾರದು.
• 1 ಗಂಟೆ: ದೇಹದ ಒಳಗಿನ ಬಿಸಿ ಇಳಿದು ಹೈಪೋಥರ್ಮಿಯಾದಿಂದ ಪ್ರಜ್ಞೆ ತಪ್ಪಲು ಹಿಡಿಯುವ ಸಮಯ.

ಇವು ಅಂದಾಜು ಲೆಕ್ಕ. ನೀರಿನ ಬಿಸಿ, ಬಟ್ಟೆ, ಮೈಕಟ್ಟಿನ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಆದರೆ ಒಂದು ವಿಷಯ ಸ್ಪಷ್ಟ. ಜನ ಹೆದರುವುದು ಕೊನೆಯ ಗಂಟೆಗೆ, ಪ್ರಾಣ ಹೋಗುವುದು ಹೆಚ್ಚಾಗಿ ಮೊದಲ ನಿಮಿಷಗಳಲ್ಲಿ.

ಹಾಗಾಗಿ ಬಿದ್ದೊಡನೆ ಈಜಲು ಹೋಗಬೇಡಿ. ಮೊದಲು ತೇಲಿ. ಬೆನ್ನ ಮೇಲೆ ಒರಗಿ, ಕಿವಿ ನೀರಿನಲ್ಲಿ ಮುಳುಗಿದರೂ ಸರಿ, ಬಾಯಿ ಮೂಗು ಮೇಲಿರಲಿ. ಕೈಗಳನ್ನು ಮೆಲ್ಲಗೆ ಆಡಿಸಿ. ಉಸಿರು ಹದಕ್ಕೆ ಬಂದ ಮೇಲೆ ಕೂಗಿ ಅಥವಾ ದಡದತ್ತ ಹೋಗಿ. ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆ ಆರ್‌ಎನ್‌ಎಲ್‌ಐ ಹೇಳಿಕೊಡುವುದೂ ಇದನ್ನೇ. ಹರಿಯುವ ನದಿಯಲ್ಲಾದರೆ ಕಾಲುಗಳು ಹರಿವಿನ ದಿಕ್ಕಿಗೆ ಮುಂದಿರಲಿ. ರಭಸದ ನೀರಿನಲ್ಲಿ ನಿಲ್ಲಲು ಯತ್ನಿಸಿದರೆ ಪಾದ ಬಂಡೆಗಳ ನಡುವೆ ಸಿಕ್ಕಿಕೊಳ್ಳಬಹುದು.

ನಂಬಿಕೆ 3: ಒಂದು ಪೆಗ್ ವಿಸ್ಕಿ ಮೈ ಬೆಚ್ಚಗಿಡುತ್ತದೆ

ವಾಸ್ತವ: ಬೆಚ್ಚಗೆ ಅನಿಸುತ್ತದೆ, ಆದರೆ ದೇಹ ಬಿಸಿ ಕಳೆದುಕೊಳ್ಳುತ್ತದೆ.

ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿರಕ್ತ ಚರ್ಮಕ್ಕೆ ಬರುವುದರಿಂದ ಬೆಚ್ಚಗಾದಂತೆ ತೋರುತ್ತದೆ. ಅಲ್ಲಿಂದ ಆ ಬಿಸಿ ಹೊರಗಿನ ಚಳಿಗೆ ಸೋರಿಹೋಗುತ್ತದೆ. ದೇಹ ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಡುವಾಗ ಬೇಕಾದ ಸಮತೋಲನ, ವಿವೇಚನೆ ಎರಡೂ ತಪ್ಪುತ್ತವೆ. ವಿಸ್ಕಿ ಬೇಕಿದ್ದರೆ ಅದು ಸಂಜೆ ಕೋಣೆಗೆ ಮರಳಿದ ಮೇಲೆ. ನೀರಿನ ಬಳಿ ಬಿಸಿ ಚಹಾದ ಫ್ಲಾಸ್ಕ್ ಸಾಕು.

ನಂಬಿಕೆ 4: ಗೆಳೆಯ ಬಿದ್ದರೆ ತಕ್ಷಣ ನೀರಿಗೆ ಹಾರಬೇಕು

ವಾಸ್ತವ: ಹಾರಿದವರಿಗೂ ಅದೇ ಮೊದಲ ನಿಮಿಷ ಕಾದಿರುತ್ತದೆ.

2024ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡ್‌ನ ಪಿಟ್‌ಲಾಕ್ರಿ ಸಮೀಪದ ಲಿನ್ ಆಫ್ ಟಮಲ್ ಎಂಬಲ್ಲಿ ಭಾರತದ ಇಬ್ಬರು ವಿದ್ಯಾರ್ಥಿಗಳು ನೀರುಪಾಲಾದರು. ಅವರು ಮೀನು ಹಿಡಿಯಲು ಹೋದವರಲ್ಲ, ಗೆಳೆಯರೊಂದಿಗೆ ಸುತ್ತಾಡಲು ಹೋದವರು. ಗುಂಪಿನಲ್ಲಿದ್ದೇವೆ ಎಂಬುದೊಂದೇ ರಕ್ಷಣೆಯಲ್ಲ. ಗುಂಪಿಗೆ ಏನು ಮಾಡಬೇಕೆಂದು ಗೊತ್ತಿರಬೇಕು.

• 999 ಅಥವಾ 112ಕ್ಕೆ ಕರೆ ಮಾಡಿ. ನದಿ, ಸರೋವರವಾದರೆ ಅಗ್ನಿಶಾಮಕ ಮತ್ತು ಪೊಲೀಸರನ್ನು ಕೇಳಿ, ನೀವಿರುವ ಜಾಗವನ್ನು ಸರಿಯಾಗಿ ಹೇಳಿ.
• ಬಿದ್ದವರಿಗೆ "ಬೆನ್ನ ಮೇಲೆ ತೇಲು" ಎಂದು ಕೂಗಿ ಹೇಳುತ್ತಿರಿ.
• ತೇಲುವ ವಸ್ತು, ಹಗ್ಗ ಎಸೆಯಿರಿ. ಮೀನಿನ ಬಲೆಯ ಹಿಡಿ, ಊರುಗೋಲು ಚಾಚಿ. ಚಾಚುವಾಗ ನೀವು ನೆಲಕ್ಕೆ ಮಲಗಿರಿ.
• ಮೇಲೆ ಬಂದವರ ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಸುತ್ತಿ, ಮಲಗಿಸಿ. ಕೈಕಾಲು ಉಜ್ಜಬೇಡಿ, ಬಿಸಿನೀರಿನ ಸ್ನಾನ ಬೇಡ, ಮದ್ಯ ಬೇಡವೇ ಬೇಡ. ಪೂರ್ತಿ ಎಚ್ಚರವಿದ್ದರೆ ಮಾತ್ರ ಬೆಚ್ಚನೆಯ ಸಿಹಿ ಪಾನೀಯ ಕೊಡಿ.

ನಂಬಿಕೆ 5: ಅಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು, ಹಾಗಾಗಿ ಮೀನೂ ಹಿಡಿಯಬಹುದು

ವಾಸ್ತವ: ಓಡಾಟಕ್ಕೆ ಹಕ್ಕಿದೆ, ಮೀನಿಗಿಲ್ಲ.

2003ರ ಭೂಸುಧಾರಣಾ ಕಾಯ್ದೆ ಸ್ಕಾಟ್ಲೆಂಡ್‌ನ ಹೆಚ್ಚಿನ ನೆಲ, ನೀರಿನಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕು ಕೊಟ್ಟಿದೆ. ಮೀನು ಹಿಡಿಯುವುದು ಅದರಲ್ಲಿ ಸೇರಿಲ್ಲ. ಅದಕ್ಕೆ ಹಕ್ಕುದಾರರ ಅನುಮತಿ ಬೇಕು, ಸಾಲ್ಮನ್‌ಗೆ ಲಿಖಿತ ಅನುಮತಿಯೇ ಬೇಕು. ಭಾನುವಾರ ಸಾಲ್ಮನ್ ಹಿಡಿಯುವಂತಿಲ್ಲ. ಬ್ರೌನ್ ಟ್ರೌಟ್ ಹಂಗಾಮು ಮಾರ್ಚ್ 15ರಿಂದ ಅಕ್ಟೋಬರ್ 6ರವರೆಗೆ ಮಾತ್ರ.

ಇದು ಬರೀ ಕಾಗದದ ನಿಯಮವಲ್ಲ. 1922ರಲ್ಲಿ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಯುವತಿ 64 ಪೌಂಡ್, ಅಂದರೆ ಸುಮಾರು 29 ಕಿಲೋ ತೂಕದ ಸಾಲ್ಮನ್ ಹಿಡಿದರು. ಬ್ರಿಟನ್ನಿನ ಆ ದಾಖಲೆ ಇಂದಿಗೂ ಹಾಗೇ ಇದೆ. ಆದರೆ 2023ರ ಕೊನೆಗೆ ಐಯುಸಿಎನ್ ಪಟ್ಟಿಯಲ್ಲಿ ಬ್ರಿಟನ್ನಿನ ಸಾಲ್ಮನ್ ಅಳಿವಿನಂಚಿನ ವರ್ಗಕ್ಕೆ ಸೇರಿತು. ಏಪ್ರಿಲ್ 1ಕ್ಕೆ ಮೊದಲು ಸಿಕ್ಕ ಸಾಲ್ಮನ್ ಮೀನನ್ನು ನೀರಿಗೆ ಮರಳಿ ಬಿಡಲೇಬೇಕು.

ಹೊರಡುವ ಮುನ್ನ

• ದೋಣಿಯಲ್ಲಿ, ಆಳದ ನೀರಿನಲ್ಲಿ ಲೈಫ್ ಜಾಕೆಟ್ ಮೈಮೇಲಿರಲಿ, ಚೀಲದಲ್ಲಲ್ಲ.
• ವೇಡರ್ ಬೆಲ್ಟ್ ಬಿಗಿಯಿರಿ. ಊರುಗೋಲಿನಿಂದ ತಳ ಮುಟ್ಟಿ ನೋಡದೆ ಹೆಜ್ಜೆ ಇಡಬೇಡಿ.
• ಗಾಳಿಗೆ ಕೊಕ್ಕೆ ಕಣ್ಣಿಗೆ ಬಡಿಯಬಹುದು. ಕನ್ನಡಕ, ಟೋಪಿ ಧರಿಸಿ.
• ಕಾರ್ಬನ್ ಫೈಬರ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ತಂತಿಯ ಕೆಳಗೆ ಬೀಸಬೇಡಿ, ಗುಡುಗು ಕೇಳಿದರೆ ಕೋಲು ಕೆಳಗಿಡಿ.
• ಗುಡ್ಡದ ಮೇಲೆ ಮಳೆಯಾದರೆ ಕೆಳಗೆ ನದಿ ಏರುತ್ತದೆ. ನೀರು ಕದಡಿದರೆ, ಎಲೆ ಕಡ್ಡಿ ತೇಲಿ ಬಂದರೆ ತಕ್ಷಣ ದಡ ಸೇರಿ.
• ಕಣಿವೆಗಳಲ್ಲಿ ಫೋನ್ ಸಿಗ್ನಲ್ ಇರದಿರಬಹುದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಮರಳುತ್ತೀರಿ ಎಂದು ಮನೆಯಲ್ಲಿ ಯಾರಿಗಾದರೂ ಹೇಳಿ ಹೊರಡಿ.

ಒಟ್ಟಿನಲ್ಲಿ

ವೇಡರ್ ಮುಳುಗಿಸುವುದಿಲ್ಲ, ವಿಸ್ಕಿ ಕಾಪಾಡುವುದಿಲ್ಲ, ಈಜೊಂದೇ ಸಾಲುವುದಿಲ್ಲ. ತಣ್ಣೀರಿಗೆ ಬಿದ್ದರೆ ನೆನಪಿರಬೇಕಾದ್ದು ಒಂದೇ ಮಾತು: ಮೊದಲು ತೇಲು, ಉಸಿರು ಹದಕ್ಕೆ ಬರಲಿ, ಆಮೇಲೆ ಈಜು. ವಿದೇಶದಲ್ಲಿ ಓದುತ್ತಿರುವ ಮಗನಿಗೋ ಮಗಳಿಗೋ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ, ಈ ಒಂದು ಸಾಲನ್ನು ಕಳಿಸಿ.