ದಂತವಿಮೆಯ ಹಣ ಯಾರ ಕೈಗೆ? ಅಮೆರಿಕದ ನೇರಪಾವತಿ ನಿಯಮಗಳನ್ನು ಕುರಿತು

ವಿಮೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಂತು, ಪರಿಹಾರಗಳ ಮೊತ್ತವನ್ನೇ ಗಮನಿಸುತ್ತಾರೆ. ಚೆಕ್ಕು ಯಾರ ಹೆಸರಿಗೆ ಹೊರಡುತ್ತದೆಂಬುದನ್ನು ಗುಮಾಸ್ತರ ವಿಷಯವೆಂದು ಬಿಟ್ಟುಬಿಡುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ದಂತವಿಮೆಯ ಮಟ್ಟಿಗಾದರೂ ಈ ಉಪೇಕ್ಷೆ ಸಲ್ಲದೆಂದು ನಾವು ಭಾವಿಸುತ್ತೇವೆ.

1954ರಲ್ಲಿ ಪೆಸಿಫಿಕ್ ತೀರದ ಬಂದರು ಕಾರ್ಮಿಕರ ಸಂಘವೂ ಹಡಗು ಉದ್ಯಮದ ಮಾಲೀಕರ ಸಂಘವೂ ಕೂಡಿ ನಡೆಸುತ್ತಿದ್ದ ನಿಧಿಯು ಕಾರ್ಮಿಕರ ಮಕ್ಕಳಿಗೆ ಹಲ್ಲಿನ ಚಿಕಿತ್ಸೆಯನ್ನೊದಗಿಸಲು ಮುಂದಾಯಿತು. ಆ ಸುಮಾರಿನಲ್ಲಿಯೇ ವಾಷಿಂಗ್ಟನ್, ಆರೆಗನ್, ಕ್ಯಾಲಿಫೋರ್ನಿಯಗಳ ದಂತವೈದ್ಯರು ಇದಕ್ಕಾಗಿ ಸೇವಾಮಂಡಲಗಳನ್ನು ಸ್ಥಾಪಿಸಿದರು. ಒಪ್ಪಂದಕ್ಕೆ ಸೇರಿದ ವೈದ್ಯನಿಗೆ ಮಂಡಲವೇ ನೇರವಾಗಿ ಹಣ ಕೊಡುತ್ತಿತ್ತು. ಮಂಡಲವು ವೈದ್ಯರದೇ ಆಗಿದ್ದುದರಿಂದ ಇದರಲ್ಲಿ ವಿವಾದಕ್ಕೆ ಹೆಚ್ಚು ಎಡೆಯಿರಲಿಲ್ಲ.

ಒಪ್ಪಂದದ ಹೊರಗುಳಿದ ವೈದ್ಯನ ವಿಷಯ ಬೇರೆ. ಅವನಿಗೆ ಸಲ್ಲಬೇಕಾದುದನ್ನು ಅನೇಕ ಯೋಜನೆಗಳು ರೋಗಿಗೆ ಕಳುಹಿಸುತ್ತವೆ. ಹಣವನ್ನು ವೈದ್ಯನಿಗೇ ಕೊಡಬೇಕೆಂದು ರೋಗಿಯು ಅರ್ಜಿಯಲ್ಲಿ ಪ್ರತ್ಯೇಕವಾಗಿ ರುಜು ಹಾಕಿದ್ದರೂ, ವಿಮಾ ಕರಾರಿನಲ್ಲಿ ಹಕ್ಕಿನ ವರ್ಗಾವಣೆಯನ್ನು ನಿಷೇಧಿಸುವ ಕಲಮಿದ್ದರೆ ಆ ರುಜು ಸಾಮಾನ್ಯವಾಗಿ ನಿಷ್ಫಲ. ನೇರಪಾವತಿಯು ಕಡಿಮೆ ದರಕ್ಕೊಪ್ಪಿದ ವೈದ್ಯನಿಗೆ ದೊರೆಯುವ ಪ್ರತಿಫಲ, ಎಲ್ಲರಿಗೂ ಅದನ್ನು ಕೊಟ್ಟರೆ ದರ ತಗ್ಗಿಸಿಕೊಂಡು ಒಪ್ಪಂದಕ್ಕೆ ಬರುವವರಾರು, ಎಂಬುದು ಕಂಪೆನಿಗಳ ವಾದ. ಹಣ ರೋಗಿಯದು, ಅದನ್ನು ಯಾರಿಗೆ ಕೊಡಿಸಬೇಕೆಂಬುದು ಅವನ ಇಚ್ಛೆ ಎಂಬುದು ವೈದ್ಯರ ವಾದ. ಕಂಪೆನಿಗಳ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು. ಆದರೆ ವೈದ್ಯನನ್ನು ಮಣಿಸಲು ಹೂಡಿದ ಈ ಉಪಾಯದ ಭಾರ ಬೀಳುವುದು ರೋಗಿಯ ಮೇಲೆ. ಚೆಕ್ಕು ಬರುವ ಮೊದಲೇ ಪೂರ್ಣ ಶುಲ್ಕವನ್ನು ಅವನು ಕೈಯಿಂದ ತೆರಬೇಕಾಗಬಹುದು; ಕೈಯಲ್ಲಿ ಹಣವಿಲ್ಲದವನಿಗೆ ವಿಮೆಯು ಇದ್ದೂ ಇಲ್ಲದಂತೆ.

ರೋಗಿಯ ರುಜುವನ್ನು ಮನ್ನಿಸಬೇಕೆಂದು ಹಲವು ಸಂಸ್ಥಾನಗಳು ಶಾಸನ ಮಾಡಿದವು. ಇವಕ್ಕೆ ಅಡ್ಡವಾದುದು ನೌಕರರ ಸೌಲಭ್ಯ ಯೋಜನೆಗಳನ್ನು ಕುರಿತ 1974ರ ಕೇಂದ್ರ ಶಾಸನ: ಅಂಥ ಯೋಜನೆಗಳಿಗೆ ಸಂಬಂಧಿಸಿದ ಸಂಸ್ಥಾನ ಶಾಸನಗಳನ್ನು, ಕೆಲವು ವಿನಾಯಿತಿಗಳನ್ನುಳಿದು, ಅದು ಬದಿಗೊತ್ತುತ್ತದೆ. ಆರ್ಕನ್ಸಾದ ಶಾಸನವು ನೌಕರರ ಯೋಜನೆಗಳಿಗೆ ಅನ್ವಯಿಸದೆಂದು 1991ರಲ್ಲಿ ಎಂಟನೆಯ ವಲಯದ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. ಲೂಯಿಸಿಯಾನದ ಇಂಥದೇ ಶಾಸನವನ್ನು 2006ರಲ್ಲಿ ಐದನೆಯ ವಲಯದ ನ್ಯಾಯಾಲಯ ಎತ್ತಿಹಿಡಿಯಿತು. ಎರಡೂ ಆಸ್ಪತ್ರೆಯ ಬಿಲ್ಲುಗಳಿಂದ ಹುಟ್ಟಿದ ವ್ಯಾಜ್ಯಗಳು. ದಂತವೈದ್ಯನ ಪ್ರಶ್ನೆಯೂ ಅದೇ ಆದುದರಿಂದ ಇಲ್ಲಿ ಹೇಳಿದೆವು. ಈ ಎರಡು ಸಂಸ್ಥಾನಗಳು ಒಂದಕ್ಕೊಂದು ನೆರೆಯವು. ಕೇಂದ್ರ ಶಾಸನವೂ ಒಂದೇ. ಎರಡು ಕಡೆಯೂ ಮುಖ್ಯವಾಗಿ ಚರ್ಚಿತವಾದುದು ಕೇಂದ್ರ ಮತ್ತು ಸಂಸ್ಥಾನಗಳ ಅಧಿಕಾರದ ಎಲ್ಲೆ. ಸಾಲ ಮಾಡಿ ಶುಲ್ಕ ತೆತ್ತ ರೋಗಿಯು ಆ ಚರ್ಚೆಯ ಅಂಚಿನಲ್ಲಿಯೇ ಉಳಿದನು.