ಮಲಪನಗುಡಿಯ ನಕಲಿ ಕಾರ್ಡು, ಕನ್ನಡ ಮೂಡಿಸಿದ ಹಳೇ ಕಾರ್ಡು

ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ, ಮಲಪನಗುಡಿಯಲ್ಲಿ ನನ್ನ ಗೆಳೆಯನದೊಂದು ಚಿಕ್ಕ ಸ್ಟುಡಿಯೋ ಇದೆ. ಲಗ್ನಪತ್ರಿಕೆ, ಜಾತ್ರೆ ಬ್ಯಾನರ್, ಮದುವೆ ವಿಡಿಯೋ ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ. ನಾನು ಸುದ್ದಿ ಕಳಿಸುವುದೂ ಬಹಳ ಸಲ ಅಲ್ಲಿಂದಲೇ. ಒಂದು ಮದುವೆ ವಿಡಿಯೋ ಹೊರಗೆ ಬರಲು ಇಡೀ ರಾತ್ರಿ ಬೇಕಾಗುತ್ತಿತ್ತು. ಅದಕ್ಕೇ ಲಗ್ನದ ಸೀಜನ್‌ಗೆ ಮೊದಲು 6 ಸಾವಿರ ಕೊಟ್ಟು ಆನ್‌ಲೈನಿನಲ್ಲಿ ಒಂದು ಹಳೇ ಗ್ರಾಫಿಕ್ಸ್ ಕಾರ್ಡ್ ತರಿಸಿದ. ಡಬ್ಬಿ ಮೇಲೆ ಜಿಟಿಎಕ್ಸ್ 1050 ಟಿಐ ಎಂದಿತ್ತು.

ಕಾರ್ಡು ಕೂರಿಸಿದೆವು, ಚಿತ್ರ ಬಂತು. ಡ್ರೈವರ್ ಹಾಕಿದ ಕೂಡಲೇ ನೀಲಿ ಪರದೆ. ಮತ್ತೆ ಹಾಕಿದೆವು, ಮತ್ತೆ ನೀಲಿ. ಕಂಪ್ಯೂಟರ್ ಮಾತ್ರ ತನ್ನೊಳಗೆ 1050 ಟಿಐ ಇದೆ ಅಂತಲೇ ಹೇಳುತ್ತಿತ್ತು.

ಆ ಕಾರ್ಡಿನ ಕಥೆಗೆ ಆಮೇಲೆ ಬರೋಣ. ಕ್ಯಾಬಿನೆಟ್ ಬಿಚ್ಚಿ ಕೂತಾಗ ನನಗೆ ನೆನಪಾಗಿದ್ದು ಬೇರೆಯೇ ಒಂದು ಕಾರ್ಡು. ಈಗ ನಾವು ವಿಡಿಯೋಕ್ಕೆ, ಆಟಕ್ಕೆ ಕಾರ್ಡು ಹಾಕುತ್ತೇವೆ. ಒಂದು ಕಾಲದಲ್ಲಿ ಕನ್ನಡ ಅಕ್ಷರ ಕಾಣಬೇಕೆಂದರೇ ಕಾರ್ಡು ಹಾಕಬೇಕಿತ್ತು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಮಾಮೂಲಿ ಡಿಸ್‌ಪ್ಲೇ ಕಾರ್ಡಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಪರದೆ ಎಂದರೆ 80 ಕಾಲಂ, 25 ಸಾಲಿನ ಚೌಕಗಳು. ಕಾರ್ಡಿನ ಒಂದು ಚಿಪ್ಪಿನಲ್ಲಿ 256 ಅಕ್ಷರ, ಚಿಹ್ನೆಗಳ ರೂಪ ಅಚ್ಚೊತ್ತಿದಂತೆ ಇರುತ್ತಿತ್ತು. ಪ್ರೋಗ್ರಾಂ ಒಂದು ಸಂಖ್ಯೆ ಕಳಿಸಿದರೆ ಕಾರ್ಡು ಆ ಸಂಖ್ಯೆಯ ಅಕ್ಷರವನ್ನು ಚೌಕದಲ್ಲಿ ಕೂರಿಸುತ್ತಿತ್ತು. ಅಚ್ಚಿನಲ್ಲಿ ಇಲ್ಲದ್ದು ಪರದೆಗೆ ಬರುವಂತಿಲ್ಲ.

ಈ ತೊಂದರೆ ನಮಗಷ್ಟೇ ಇರಲಿಲ್ಲ. ಅಮೆರಿಕದಲ್ಲಿ ಓದುತ್ತಿದ್ದ ವ್ಯಾನ್ ಸುವನ್ನುಕುಲ್ ಎಂಬ ಥಾಯ್ ಎಂಜಿನಿಯರ್‌ಗೆ ತನ್ನ ಪ್ರಬಂಧವನ್ನು ಥಾಯ್ ಲಿಪಿಯಲ್ಲಿ ಬರೆಯಬೇಕಿತ್ತು. ಅದಕ್ಕೆಂದು ಮಾಡಿದ ಕಾರ್ಡೇ 1982ರ ಹರ್ಕ್ಯುಲಿಸ್. 720 ಅಡ್ಡ, 348 ಉದ್ದ ಚುಕ್ಕೆಗಳಲ್ಲಿ ಏನು ಬೇಕಾದರೂ ಬಿಡಿಸಬಹುದಿತ್ತು. ಜಗತ್ತೆಲ್ಲ ಮಾರಾಟವಾದ ಒಂದು ಗ್ರಾಫಿಕ್ಸ್ ಕಾರ್ಡು ಹುಟ್ಟಿದ್ದು ತಾಯ್ನುಡಿಯ ಹಟದಿಂದ! ನನಗಂತೂ ಇದು ಬಹಳ ಇಷ್ಟದ ಸಂಗತಿ.

ನಮ್ಮ ಕಡೆ ಆ ಹಟ ಕಾನ್ಪುರದ ಐಐಟಿಯಲ್ಲಿ ನಡೆಯಿತು. ಆರ್. ಎಂ. ಕೆ. ಸಿನ್ಹಾ ಮತ್ತವರ ತಂಡ ಅಲ್ಲಿ ದೇವನಾಗರಿ ಯಂತ್ರದಿಂದ ಶುರುಮಾಡಿತು. ಕೆಲಸ ಬೆಳೆದು 1988ರಲ್ಲಿ ಪುಣೆಯಲ್ಲಿ ಶುರುವಾದ ಸಿ-ಡ್ಯಾಕ್‌ಗೆ ಬಂತು. ಮೋಹನ್ ತಾಂಬೆ ಅದರ ಮುಖ್ಯ ರೂವಾರಿ. ಅಲ್ಲಿಂದ ಬಂದದ್ದು ಜಿಸ್ಟ್ ಕಾರ್ಡು. ಗ್ರಾಫಿಕ್ಸ್ ಅಂಡ್ ಇಂಟೆಲಿಜೆನ್ಸ್ ಬೇಸ್ಡ್ ಸ್ಕ್ರಿಪ್ಟ್ ಟೆಕ್ನಾಲಜಿ ಎಂಬುದರ ಚಿಕ್ಕ ಹೆಸರು.

ಅದರ ಕೆಲಸ ನೋಡಿ. "ಸ್ತ್ರೀ" ಅಂತ ಬರೆಯಬೇಕು. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಕಂಪ್ಯೂಟರಿಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈ ಎಂದು 6 ಸಂಖ್ಯೆ. ಒತ್ತು ಕೆಳಗೆ ಹೋಗಬೇಕು, ದೀರ್ಘ ಪಕ್ಕಕ್ಕೆ ಬರಬೇಕು. ಈ ಜೋಡಣೆಯನ್ನು ಕಾರ್ಡೇ ಮಾಡುತ್ತಿತ್ತು. ವರ್ಡ್‌ಸ್ಟಾರ್, ಡಿಬೇಸ್‌ನಂಥ ಇಂಗ್ಲಿಷ್ ಪ್ರೋಗ್ರಾಂಗಳಿಗೆ ತಾವು ಕನ್ನಡ ತೋರಿಸುತ್ತಿದ್ದೇವೆ ಎಂಬುದು ಗೊತ್ತೇ ಆಗುತ್ತಿರಲಿಲ್ಲ. ಅವು ಸಂಖ್ಯೆ ಕೊಡುತ್ತಿದ್ದವು, ಕಾರ್ಡು ಕನ್ನಡ ಮಾಡುತ್ತಿತ್ತು. ಭಾರತದ ಬಹುತೇಕ ಲಿಪಿಗಳಿಗೆ ಒಂದೇ ಸಂಖ್ಯಾಪಟ್ಟಿ. ಲಿಪಿ ಬದಲಿಸಿದರೆ ಅದೇ ಹೆಸರು ತೆಲುಗಿನಲ್ಲೋ ಹಿಂದಿಯಲ್ಲೋ ಮೂಡುತ್ತಿತ್ತು. ಆಂಧ್ರದ ಗಡಿ ಹತ್ತಿರವಿರುವ ನಮ್ಮಂಥವರಿಗೆ ಅದರ ಬೆಲೆ ಬೇಗ ತಿಳಿಯುತ್ತದೆ.

ಆ ಪಟ್ಟಿಯ ಹೆಸರು ಇಸ್ಕಿ. 1991ರಲ್ಲಿ ಅದು ದೇಶದ ಮಾನಕವಾಯಿತು. ನಮ್ಮೂರಿಗೆ ಹತ್ತಿರದಲ್ಲೇ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ಯೂನಿಕೋಡ್‌ನ ಮೊದಲ ಆವೃತ್ತಿಯೂ ಅದೇ ವರ್ಷದ್ದು, ಅದರಲ್ಲಿ ಭಾರತೀಯ ಲಿಪಿಗಳ ಜೋಡಣೆ ಇಸ್ಕಿಯ 1988ರ ರೂಪದ ಮೇಲೆ ನಿಂತದ್ದು. ನೀವು ಈಗ ಫೋನಿನಲ್ಲಿ ಓದುತ್ತಿರುವ ಈ ಸಾಲಿನ ಕನ್ನಡದ ಬೇರು ಅಲ್ಲಿದೆ.

ವಿಂಡೋಸ್ ಬಂದ ಮೇಲೆ ಅಕ್ಷರ ಬಿಡಿಸುವ ಕೆಲಸ ಕಾರ್ಡಿನಿಂದ ಫಾಂಟಿಗೆ ಹೋಯಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ. ಕಾರ್ಡು ಇಲ್ಲದೇ ಕನ್ನಡ ಬಂತೆಂದು ಎಲ್ಲರಿಗೂ ಖುಷಿ. ಆದರೆ ಫಾಂಟಿಗೊಂದು ಸಂಖ್ಯಾಪಟ್ಟಿ ಆಗಿ, ಒಬ್ಬರ ಕಡತ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚಿತ್ತಾರವಾಗಿ ಕಾಣುವ ಕಾಲವೂ ಬಂತು. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ನಾವು ಕೆಲವು ವರ್ಷ ಹಿಂದಕ್ಕೇ ಹೋದೆವು.

ಇನ್ನು ನಮ್ಮ ಕಾರ್ಡಿಗೆ ಬರುತ್ತೇನೆ. ಹಿಂಬದಿ ನೋಡಿದರೆ ನೀಲಿ ವಿಜಿಎ ಸಾಕೆಟ್ ಇತ್ತು. ವಿಜಿಎ 1987ರ ಪದ್ಧತಿ. 2016ರಲ್ಲಿ ಬಂದ 1050 ಟಿಐ ತಲೆಮಾರಿನ ಚಿಪ್ಪುಗಳಲ್ಲಿ ಆ ಹಳೇ ಅನಲಾಗ್ ದಾರಿಯನ್ನೇ ತೆಗೆದುಹಾಕಿದ್ದರು. ಅನುಮಾನ ಬಂದಿದ್ದು ಅಲ್ಲಿ. ಜಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂ ಹಾಕಿದೆವು. ಹೆಸರಿನ ಮುಂದೆಯೇ ನಕಲಿ ಎಂದು ಬರೆದು ತೋರಿಸಿತು. ಒಳಗಿದ್ದದ್ದು 2010ರ ಜಿಟಿಎಸ್ 450 ಚಿಪ್ಪು. ಅದರ ಬಯೋಸ್ ಬದಲಿಸಿ ಸುಳ್ಳು ಹೆಸರು ಬರೆದಿದ್ದರು. ವಿಡಿಯೋ ಬೇಗ ಹೊರತೆಗೆಯುವ ಎನ್ಕೋಡರ್ ಆ ಕಾಲದ ಚಿಪ್ಪಿನಲ್ಲಿ ಇಲ್ಲವೇ ಇಲ್ಲ. ಮಾರಿದವನು ಫೋನು ಎತ್ತಲಿಲ್ಲ. 6 ಸಾವಿರ ಎಂದರೆ ಗೆಳೆಯನಿಗೆ ಎಷ್ಟು ಲಗ್ನಪತ್ರಿಕೆಯ ಕೂಲಿ ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಎರಡನೇ ಸಲ ಕೈಯಲ್ಲಿ ಹಿಡಿದು, ಅಂಗಡಿಯಲ್ಲೇ ಹಾಕಿಸಿ, ಪರೀಕ್ಷಿಸಿ ಜಿಟಿಎಕ್ಸ್ 1650 ತಂದೆವು. ಅವನ ಪವರ್ ಸಪ್ಲೈನಲ್ಲಿ ಕಾರ್ಡಿಗೆ ಬೇರೆ ವೈರ್ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್‌ನ ಉದ್ದ ಸ್ಲಾಟ್ ತಾನೇ 75 ವ್ಯಾಟ್ ಕೊಡುತ್ತದೆ, ಅಷ್ಟರಲ್ಲೇ ಓಡುವ ಮಾದರಿಯನ್ನು ಆರಿಸಿದ್ದೆವು. ಕ್ಯಾಬಿನೆಟ್ಟಿನೊಳಗಿನ ಜಾಗವನ್ನು ಟೇಪಿನಿಂದ ಅಳೆದಿದ್ದೆವು. ಹಳೇ ಡ್ರೈವರ್ ತೆಗೆದು, ಪ್ಲಗ್ ಕಿತ್ತು, ಮೈಯ ಸ್ಥಾಯೀ ವಿದ್ಯುತ್ ಹೋಗಲೆಂದು ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಟಕ್ ಎನ್ನುವ ತನಕ ಕಾರ್ಡು ಒತ್ತಿ, ಸ್ಕ್ರೂ ಹಾಕಿದೆವು.

ಆನ್ ಮಾಡಿದರೆ ಪರದೆ ಕಪ್ಪು. ಇಬ್ಬರ ಎದೆಯೂ ಧಸಕ್ಕೆಂದಿತು. ನೋಡಿದರೆ ಮಾನಿಟರ್ ಕೇಬಲ್ಲನ್ನು ಅಭ್ಯಾಸಬಲದಿಂದ ಮದರ್‌ಬೋರ್ಡಿಗೇ ಚುಚ್ಚಿದ್ದ. ಅವನದು ವಿಜಿಎ ಮಾತ್ರ ಇರುವ ಹಳೇ ಮಾನಿಟರ್, ಕಾರ್ಡಿನಲ್ಲಿ ಎಚ್‌ಡಿಎಂಐ. ಒಳಗೆ ಚಿಪ್ಪಿರುವ ಕನ್ವರ್ಟರ್ ತರಲು ಹೊಸಪೇಟೆಗೆ ಇನ್ನೊಂದು ಸಲ ಹೋಗಿಬಂದೆ. ರಾತ್ರಿ 9ಕ್ಕೆ ಪರದೆ ಬೆಳಗಿತು. ಕಂಪ್ಲಿಯ ಒಂದು ಮದುವೆ ವಿಡಿಯೋ ಹಚ್ಚಿ ಇಬ್ಬರೂ ಊಟಕ್ಕೆ ಹೋದೆವು, ವಾಪಸ್ ಬರುವಷ್ಟರಲ್ಲಿ ಮುಗಿದಿತ್ತು.