ಕೆನರಾದ ಕಥೋಲಿಕ ಮನೆಗಳಲ್ಲಿ ತಪಸ್ಸುಕಾಲ

ಕ್ರೈಸ್ತ ಪಂಚಾಂಗದಲ್ಲಿ ಬೂದಿ ಬುಧವಾರದಂದು ಆರಂಭವಾಗಿ ಪಾಸ್ಖ ಹಬ್ಬದ, ಅಂದರೆ ಯೇಸುವಿನ ಪುನರುತ್ಥಾನದ ಹಬ್ಬದ, ಮುನ್ನಾದಿನಕ್ಕೆ ಮುಗಿಯುವ ವ್ರತಾವಧಿಗೆ ಕನ್ನಡ ಕಥೋಲಿಕರಲ್ಲಿ ತಪಸ್ಸುಕಾಲವೆಂದೂ ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಪೋರ್ಚುಗೀಸ್ ಮೂಲದ ‘ಕರೆಜ್ಮ್’ ಎಂದೂ ಹೆಸರು. ಪಾಸ್ಖ ಹಬ್ಬವು ಹುಣ್ಣಿಮೆಯ ಲೆಕ್ಕವನ್ನು ಅನುಸರಿಸಿ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವಿನ ಒಂದು ಭಾನುವಾರದಂದು ಬರುವುದರಿಂದ, ತಪಸ್ಸುಕಾಲವೂ ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಸರಿಯುತ್ತದೆ. ಅದರ 46 ದಿನಗಳಲ್ಲಿ 6 ಭಾನುವಾರಗಳು ಉಪವಾಸಕ್ಕೆ ಸೇರದ ಕಾರಣ ಉಳಿಯುವ 40 ದಿನಗಳು ಕ್ರಿಸ್ತನು ಮರುಭೂಮಿಯಲ್ಲಿ ಉಪವಾಸವಿದ್ದ ದಿನಗಳ ಸಂಖ್ಯೆಗೆ ಸರಿಹೊಂದುತ್ತವೆ. ಈ ವ್ರತದ ಇತಿಹಾಸವನ್ನು ಸಾಮಾನ್ಯವಾಗಿ ಧರ್ಮಸಭೆಯ ಆಜ್ಞೆಗಳ ಇತಿಹಾಸವಾಗಿ ಬರೆಯಲಾಗುತ್ತದೆ. ಆದರೆ ಮಂಗಳೂರು, ಬಂಟ್ವಾಳ, ಕಾರ್ಕಳ, ಕುಂದಾಪುರದ ಸೀಮೆಗಳಲ್ಲಿ ನೆಲೆಸಿದ ಕಥೋಲಿಕ ಕುಟುಂಬಗಳ ಮಟ್ಟಿಗೆ ಆಜ್ಞೆ ಒಂದು ಹೊರಗಿನ ಗೆರೆಯಷ್ಟೆ ಆಗಿದ್ದು, ಅದರೊಳಗೆ ಏನನ್ನು ಬಿಡಬೇಕು, ಏನನ್ನು ಉಣ್ಣಬೇಕು, ಸಂಜೆ ಎಷ್ಟು ಹೊತ್ತು ಮೊಣಕಾಲೂರಬೇಕು ಎಂಬುದನ್ನು ತೀರ್ಮಾನಿಸಿದ್ದು ಮನೆಯೇ.

ವ್ರತದ ಮೂಲ ಚೌಕಟ್ಟು ರೂಪುಗೊಂಡಿದ್ದು ಮೆಡಿಟರೇನಿಯನ್ ಮತ್ತು ಯೂರೋಪಿನ ನೆಲದಲ್ಲಿ. ಕ್ರಿ.ಶ. 325ರ ನೈಸಿಯಾ ಮಹಾಸಭೆಯ ಐದನೆಯ ನಿಯಮದಲ್ಲಿ ಪಾಸ್ಖದ ಹಿಂದಿನ ‘ನಲವತ್ತು’ ದಿನಗಳ ಉಲ್ಲೇಖವಿದೆ. ಮಧ್ಯಯುಗದ ಹೊತ್ತಿಗೆ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೆಣ್ಣೆಗಳೂ ನಿಷಿದ್ಧವಾಗಿ, ದಿನಕ್ಕೆ ಒಂದೇ ಊಟ, ಅದೂ ಸಂಜೆಗೆ, ಎಂಬ ಕಟ್ಟುನಿಟ್ಟು ಬಂದಿತ್ತು. ಕಾಲಕ್ರಮದಲ್ಲಿ ಆ ಊಟ ಮಧ್ಯಾಹ್ನಕ್ಕೆ ಸರಿದು, ರಾತ್ರಿಗೆ ಅಲ್ಪಾಹಾರದ ಅನುಮತಿ ದೊರೆಯಿತು. ಈ ಕಟ್ಟಳೆಗಳ ಹಿಂದೆ ಒಂದು ಹವಾಮಾನವಿತ್ತೆಂಬುದನ್ನು ಮರೆಯಬಾರದು: ಚಳಿಗಾಲದ ಕೊನೆಯಲ್ಲಿ ಉಪ್ಪು ಹಚ್ಚಿಟ್ಟ ಮಾಂಸ ಮುಗಿಯುತ್ತ ಬಂದು, ಹೊಸ ಬೆಳೆ ಇನ್ನೂ ಕೈಗೆ ಬಾರದ ವಾರಗಳಲ್ಲಿ ತಪಸ್ಸುಕಾಲ ಬೀಳುತ್ತಿತ್ತು. ಕೆನರಾದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಇಲ್ಲಿ ಅದು ಸುಗ್ಗಿ ಬೆಳೆಯ ಕೊಯ್ಲು ಮುಗಿದು ಪಣತ ತುಂಬಿರುವ, ಹಲಸಿನ ಗುಜ್ಜೆ ಬಲಿಯುವ, ಮಾವಿನ ಮಿಡಿ ಉಪ್ಪುನೀರಿಗೆ ಬೀಳುವ ಕಾಲ. ಊರಿನಲ್ಲಿ ರಾತ್ರಿಯಿಡೀ ಯಕ್ಷಗಾನ ಬಯಲಾಟ, ಕೋಲ, ನೇಮಗಳು ನಡೆಯುವ ಕಾಲವೂ ಹೌದು. ಸುತ್ತಲಿನ ಸಮಾಜ ಸಂಭ್ರಮದಲ್ಲಿದ್ದಾಗ ತಾವು ಮೌನವಾಗುವುದು ಇಲ್ಲಿನ ವ್ರತದ ವಿಶೇಷ ಗುಣ.

ಈ ಕುಟುಂಬಗಳ ಪೂರ್ವಿಕರು ಹದಿನಾರನೆಯ ಶತಮಾನದ ಉತ್ತರಾರ್ಧದಿಂದ ಹದಿನೆಂಟನೆಯ ಶತಮಾನದವರೆಗೆ ಹಲವು ಅಲೆಗಳಲ್ಲಿ ಗೋವೆಯಿಂದ ದಕ್ಷಿಣಕ್ಕೆ ಬಂದವರು. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಧಾರ್ಮಿಕ ವಿಚಾರಣಾ ನ್ಯಾಯಾಲಯ, ತೆರಿಗೆಯ ಭಾರ, ಬರ ಮತ್ತು ರೋಗ, ಮರಾಠರ ದಾಳಿಗಳು ಈ ವಲಸೆಗೆ ಕಾರಣವಾದವು. ಕೃಷಿಯಲ್ಲಿ ನುರಿತ ಈ ಜನರಿಗೆ ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಭೂಮಿ ದೊರೆಯಿತು. ಹೀಗೆ ಬಂದವರ ನಿತ್ಯದ ಆಹಾರ ಕುಚ್ಚಲಕ್ಕಿಯ ಗಂಜಿ ಮತ್ತು ಮೀನು. ಹಂದಿಮಾಂಸವಾಗಲಿ ಕೋಳಿಯಾಗಲಿ ಮದುವೆಗೆ, ಇಗರ್ಜಿಯ ಹಬ್ಬಕ್ಕೆ, ಕ್ರಿಸ್ಮಸ್ಸಿಗೆ ಮೀಸಲಾದ ವಸ್ತು. ಮಾಂಸವನ್ನು ನಿಷೇಧಿಸಿದರೂ ಮೀನಿಗೆ ಅವಕಾಶ ಕೊಟ್ಟ ರೋಮಿನ ನಿಯಮವು ಗೇಣಿ ಒಕ್ಕಲಿನ ಅಂತಹ ಮನೆಯಲ್ಲಿ ಬಹಳಷ್ಟನ್ನು ಬದಲಿಸಲಾರದು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕಡಲ ದಡದ ಕುಟುಂಬಕ್ಕೆ ಮೀನಿನ ಊಟ ತಪಸ್ಸೆನಿಸುವುದು ಹೇಗೆ? ಆದ್ದರಿಂದಲೇ ಮನೆಗಳು ನಿಯಮ ಕೇಳದ್ದನ್ನೂ ತಾವಾಗಿಯೇ ಬಿಟ್ಟವು. ಬುಧವಾರ ಮತ್ತು ಶುಕ್ರವಾರಗಳಂದು ಮೀನನ್ನೂ ತೊರೆದು ಗಂಜಿಗೆ ಚಟ್ನಿ ಇಲ್ಲವೆ ಉಪ್ಪಿನಕಾಯಿಯನ್ನಷ್ಟೆ ನೆಂಚಿಕೊಳ್ಳುವುದು, ನಲವತ್ತು ದಿನವೂ ಮಾಂಸವನ್ನು ಮನೆಗೆ ತಾರದಿರುವುದು, ಗಂಡಸರು ಶೇಂದಿ ಸಾರಾಯಿಗಳನ್ನೂ ಹಿರಿಯರು ಎಲೆಯಡಿಕೆಯನ್ನೂ ಮಕ್ಕಳು ಸಿಹಿಯನ್ನೂ ಬಿಡುವುದು, ಇವೆಲ್ಲ ಕುಟುಂಬದೊಳಗೆ ಹುಟ್ಟಿದ ಸಂಕಲ್ಪಗಳು. ಏನನ್ನು ಬಿಡುವುದೆಂದು ಬೂದಿ ಬುಧವಾರಕ್ಕೆ ಮೊದಲೇ ನಿಶ್ಚಯಿಸಿ, ಪಾಸ್ಖದವರೆಗೆ ಅದಕ್ಕೆ ಬದ್ಧರಾಗಿರುವ ಕ್ರಮ ಇಂದಿಗೂ ಉಳಿದಿದೆ.

ಉಪವಾಸ ಈ ಜನರಿಗೆ ಹೊಸದಾಗಿರಲಿಲ್ಲ ಎಂಬುದೂ ಇಲ್ಲಿ ಮುಖ್ಯ. 1736ರಲ್ಲಿ ಗೋವೆಯ ವಿಚಾರಣಾ ನ್ಯಾಯಾಲಯ ಹೊರಡಿಸಿದ ಸುದೀರ್ಘ ಶಾಸನವು ಮತಾಂತರಗೊಂಡವರು ಉಳಿಸಿಕೊಂಡಿದ್ದ ಹಳೆಯ ಆಚಾರಗಳನ್ನು ಒಂದೊಂದಾಗಿ ಹೆಸರಿಸಿ ನಿಷೇಧಿಸಿತು. ಆ ಪಟ್ಟಿಯಲ್ಲಿ ಏಕಾದಶಿಯ ಉಪವಾಸವೂ ಇತ್ತು. ಮತಾಂತರಕ್ಕೆ ಒಳಗಾಗಿ ತಲೆಮಾರುಗಳು ಉರುಳಿದ ಮೇಲೂ ಅಂಥದೊಂದು ನಿಷೇಧದ ಅಗತ್ಯ ಬಿದ್ದಿತೆಂದರೆ ಹಳೆಯ ವ್ರತಗಳು ಮನೆಯೊಳಗೆ ಎಷ್ಟು ಗಟ್ಟಿಯಾಗಿ ಬೇರೂರಿದ್ದವೆಂಬುದು ತಿಳಿಯುತ್ತದೆ. ಎರಡು ಉಪವಾಸಗಳ ದೈವಿಕ ಅರ್ಥ ಬೇರೆಬೇರೆ, ಅವುಗಳನ್ನು ಒಂದೇ ಎನ್ನುವುದು ಎರಡಕ್ಕೂ ಅನ್ಯಾಯ. ಆದರೂ ವ್ರತದ ದಿನ ಒಲೆಯ ಮುಂದೆ ನಡೆದುಕೊಳ್ಳಬೇಕಾದ ರೀತಿ, ಅಂದರೆ ಮೀನು ಮಾಂಸ ಮುಟ್ಟದ ಪಾತ್ರೆ, ಮಿತವಾದ ಅಡುಗೆ, ಮನೆಗೆ ಬಂದ ಬಡವರಿಗೆ ನೀಡುವ ಅಕ್ಕಿ, ಇದನ್ನೆಲ್ಲ ಹೆಣ್ಣುಮಕ್ಕಳು ಕ್ರೈಸ್ತ ಧರ್ಮೋಪದೇಶದ ಪುಸ್ತಕದಿಂದಲೇ ಕಲಿಯಬೇಕಾಗಿರಲಿಲ್ಲ. ವಿದೇಶದಲ್ಲಿ ರೂಪುಗೊಂಡ ಒಂದು ವ್ರತ ಇಲ್ಲಿ ಇಷ್ಟು ಸಹಜವಾಗಿ ನೆಲೆಯೂರಲು ಆ ತಿಳಿವಳಿಕೆಯೇ ಬಹುದೊಡ್ಡ ಕಾರಣವಾಗಿರಬೇಕು.

ಊಟಕ್ಕಿಂತಲೂ ಮನೆಯ ತಪಸ್ಸುಕಾಲದ ಕೇಂದ್ರದಲ್ಲಿದ್ದುದು ಸಂಜೆಯ ಪ್ರಾರ್ಥನೆ. ಆಮೊರಿ ಎಂದು ಕರೆಯಲಾಗುವ ಸಂಜೆಯ ಗಂಟೆ ಇಗರ್ಜಿಯಿಂದ ಕೇಳಿದೊಡನೆ ಮನೆಮಂದಿಯೆಲ್ಲ ದೇವರ ಪೀಠದ ಮುಂದೆ ಸೇರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವುದು ಮತ್ತು ಅದು ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದು ವರ್ಷವಿಡೀ ನಡೆಯುವ ಪದ್ಧತಿ. ಜಪಸರದಲ್ಲಿ ಧ್ಯಾನಿಸುವ ರಹಸ್ಯಗಳು ವಾರದ ದಿನಕ್ಕೆ ತಕ್ಕಂತೆ ಬದಲಾಗುತ್ತವೆ. ತಪಸ್ಸುಕಾಲದಲ್ಲಿ, ಹಳೆಯ ಕ್ರಮದ ಪ್ರಕಾರ, ಭಾನುವಾರಗಳಂದೂ ಯೇಸುವಿನ ಪಾಡುಗಳನ್ನು ಕುರಿತ ದುಃಖದ ರಹಸ್ಯಗಳನ್ನೇ ಹೇಳುತ್ತಿದ್ದರು. ಇದರ ಜೊತೆಗೆ ಪುರಾಣವಾಚನವೂ ಇತ್ತು. ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಪಾದ್ರಿ ತೋಮಸ್ ಸ್ಟೀಫನ್ಸ್ ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ರಾಚೋಲಿನಲ್ಲಿ ಮುದ್ರಣಗೊಂಡಿತು. ಸುಮಾರು 11,000 ಪದ್ಯಗಳ ಈ ಕಾವ್ಯದ ಎರಡನೆಯ ಭಾಗ ಯೇಸುವಿನ ಜೀವನ ಮತ್ತು ಮರಣವನ್ನು ಹಾಡುತ್ತದೆ. ಮೊದಲ ಮುದ್ರಣಗಳ ಪ್ರತಿಗಳು ಕಳೆದುಹೋದವಾದರೂ ಕುಟುಂಬಗಳು ಕೈಬರಹದಲ್ಲಿ ನಕಲು ಮಾಡಿ ಕಾಪಾಡಿಕೊಂಡು ಬಂದದ್ದರಿಂದ ಕಾವ್ಯ ಉಳಿಯಿತು, ಮತ್ತು ಅಂತಹ ಹಸ್ತಪ್ರತಿಗಳ ಆಧಾರದ ಮೇಲೆ 1907ರಲ್ಲಿ ಜೋಸೆಫ್ ಎಲ್. ಸಲ್ಡಾನ್ಹಾ ಅವರು ಮಂಗಳೂರಿನಲ್ಲಿಯೇ ಅದರ ಹೊಸ ಮುದ್ರಣವನ್ನು ಹೊರತಂದರು. ಮುನ್ನೂರು ವರ್ಷ ಒಂದು ದೊಡ್ಡ ಕಾವ್ಯವನ್ನು ಹೊತ್ತು ತಂದದ್ದು ವಿದ್ಯಾಪೀಠವಲ್ಲ, ಮನೆಯ ಪೆಟ್ಟಿಗೆ ಎಂಬುದು ಈ ಸಮುದಾಯ ಹೆಮ್ಮೆಪಡಬೇಕಾದ ಸಂಗತಿ.

ಮನೆಯ ಪ್ರಾರ್ಥನೆಯ ಈ ಬಲ ಕಠಿಣವಾದ ಪರೀಕ್ಷೆಗೆ ಒಳಗಾದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು 1784ರಲ್ಲಿ; ಆ ಬಂಧನ ಬೂದಿ ಬುಧವಾರದಂದೇ ನಡೆಯಿತೆಂಬುದು ಸಮುದಾಯದ ನೆನಪಿನಲ್ಲಿ ಅಚ್ಚೊತ್ತಿದ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗುವವರೆಗೆ ಸುಮಾರು 15 ವರ್ಷ ಅವರ ಬಹುಪಾಲು ತಪಸ್ಸುಕಾಲಗಳು ಇಗರ್ಜಿಯಿಲ್ಲದೆ, ಗುರುಗಳಿಲ್ಲದೆ ಕಳೆದವು. ಬೂದಿ ಹಚ್ಚುವವರಿಲ್ಲದ, ಪಾಪನಿವೇದನೆ ಕೇಳುವವರಿಲ್ಲದ ಆ ವರ್ಷಗಳಲ್ಲಿ ವ್ರತವೆಂದರೆ ಬಾಯಿಪಾಠವಾಗಿದ್ದ ಜಪ, ನೆನಪಿನಲ್ಲಿದ್ದ ಹಾಡು ಮತ್ತು ಶುಕ್ರವಾರದ ಉಪವಾಸ, ಇಷ್ಟೇ ಆಗಿರಬಹುದಾಗಿತ್ತು. ಫರಂಗಿಪೇಟೆಯ ಮೋಂತ್ ಮರಿಯಾನೊ ಆಶ್ರಮದಲ್ಲಿದ್ದ ಪಾದ್ರಿ ಜೊವಾಕಿಮ್ ಮಿರಾಂದಾ ರಚಿಸಿದರೆನ್ನಲಾಗುವ, ಯೇಸು ಒಲೀವ್ ತೋಪಿನಲ್ಲಿ ಅನುಭವಿಸಿದ ಸಂಕಟವನ್ನು ವರ್ಣಿಸುವ ಕೊಂಕಣಿ ಗೀತೆಯನ್ನು ಪರಂಪರೆ ಈ ಕಾಲದ ಆತಂಕದೊಂದಿಗೆ ಜೋಡಿಸುತ್ತದೆ, ಮತ್ತು ತಪಸ್ಸುಕಾಲದ ಹಾಡುಗಳಲ್ಲಿ ಅದಕ್ಕೆ ಇಂದಿಗೂ ಅಗ್ರಸ್ಥಾನವಿದೆ. ಸೆರೆಯಿಂದ ಮರಳಿದವರು ಕಟ್ಟಿದ ಇಗರ್ಜಿಗಳಿಗೆ ವಾಡೊ, ಅಂದರೆ ಒಂದು ನೆರೆಹೊರೆಯ ಮನೆಗಳ ಗುಂಪು, ಮತ್ತು ಅದರ ಮುಖ್ಯಸ್ಥನಾದ ಗುರ್ಕಾರ ಆಧಾರವಾಗಿ ನಿಂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಸಾಮಾಜಿಕ ಬದುಕಿನಲ್ಲಿ ತಪಸ್ಸುಕಾಲ ತಟ್ಟುತ್ತಿದ್ದುದು ಮದುವೆಗಳ ಮೂಲಕ. ಬೂದಿ ಬುಧವಾರದಿಂದ ಪಾಸ್ಖದ ನಂತರದ ಎಂಟನೆಯ ದಿನದವರೆಗೆ ವೈಭವದ ವಿವಾಹ ಕೂಡದೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತ್ತು. ಹಾಗಾಗಿ ಈ ಅವಧಿಯಲ್ಲಿ, ಮದುವೆಯ ಮುನ್ನಾದಿನ ವಧೂವರರಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರವಿಲ್ಲ, ಆಗ ಹಾಡುವ ವೋವಿಯೊ ಹಾಡುಗಳಿಲ್ಲ, ಗುಮಟೆಯ ಸದ್ದಿಲ್ಲ. ಆಷಾಢದಲ್ಲಿ ಮದುವೆ ಮಾಡದ ನೆರೆಹೊರೆಯವರಿಗೆ ಇದು ವಿಚಿತ್ರವೆನಿಸುವ ಕಾರಣವಿರಲಿಲ್ಲ. ಹೆಣ್ಣು ಗಂಡಿನ ಮನೆಯವರು ಮಾತು ಮುಗಿಸಿ ಜನವರಿ, ಫೆಬ್ರವರಿಯೊಳಗೆ ಕಾರ್ಯ ನಡೆಸಲು ಅವಸರಪಡುತ್ತಿದ್ದರು; ತಪ್ಪಿದರೆ ಪಾಸ್ಖ ಕಳೆದು ಮಳೆ ಹಿಡಿಯುವ ಮುನ್ನ ಉಳಿಯುತ್ತಿದ್ದುದು ಕೆಲವೇ ವಾರಗಳು.

ಕೊನೆಯ ವಾರ, ಅಂದರೆ ಪವಿತ್ರ ವಾರ, ಗರಿಗಳ ಭಾನುವಾರದಿಂದ ಆರಂಭವಾಗುತ್ತದೆ. ಯೇಸು ಜೆರುಸಲೇಮನ್ನು ಪ್ರವೇಶಿಸಿದಾಗ ಜನರು ಖರ್ಜೂರದ ಗರಿಗಳನ್ನು ಹಿಡಿದು ಸ್ವಾಗತಿಸಿದ ನೆನಪಿಗೆ ಇಲ್ಲಿ ತೆಂಗಿನ ಎಳೆಯ ಗರಿಗಳನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಗೆ ತಂದು ಶಿಲುಬೆಯಾಕಾರಕ್ಕೆ ಹೆಣೆದು ದೇವರ ಪೀಠದ ಹಿಂದೆ ಸಿಕ್ಕಿಸಿದ ಆ ಗರಿ ಒಣಗಿ ವರ್ಷವಿಡೀ ಅಲ್ಲಿಯೇ ಇದ್ದು, ಮುಂದಿನ ತಪಸ್ಸುಕಾಲದ ಮುನ್ನ ಇಗರ್ಜಿಗೆ ಮರಳಿ ಸುಟ್ಟು ಬೂದಿಯಾಗಿ ಬುಧವಾರ ಹಣೆಗೆ ಬರುತ್ತದೆ. ಪವಿತ್ರ ಗುರುವಾರದ ಪೂಜೆಯಿಂದ ಗಂಟೆಗಳು ಮೌನವಾಗಿ, ಅವುಗಳ ಬದಲಿಗೆ ಮಾತ್ರಾಕ್ ಎಂಬ ಮರದ ಸದ್ದುಪಟ್ಟಿಯನ್ನು ಬಳಸುತ್ತಾರೆ. ಶುಭ ಶುಕ್ರವಾರದಂದು ಒಪ್ಪೊತ್ತಿನ ಗಂಜಿ ಮಾತ್ರ. ಹಿಂದೆ ಪಾಸ್ಖ ಜಾಗರಣೆಯ ವಿಧಿ ಶನಿವಾರ ಬೆಳಿಗ್ಗೆಯೇ ನಡೆದು, 1917ರ ಧರ್ಮಸಭಾ ಕಾನೂನು ಸಂಹಿತೆಯ ಪ್ರಕಾರ ವ್ರತ ಶನಿವಾರ ಮಧ್ಯಾಹ್ನಕ್ಕೆ ಮುಗಿಯುತ್ತಿದ್ದುದರಿಂದ, ಹಬ್ಬದ ಅಡುಗೆಗೆ ಆ ಮಧ್ಯಾಹ್ನವೇ ಅನುಮತಿಯಿತ್ತು. ಪೋಪ್ ಹನ್ನೆರಡನೆಯ ಪಿಯುಸ್ 1955ರ ನವೆಂಬರಿನಲ್ಲಿ ಹೊರಡಿಸಿ 1956ರಿಂದ ಜಾರಿಗೆ ತಂದ ಆದೇಶದಿಂದ ಜಾಗರಣೆ ರಾತ್ರಿಗೂ ಶುಭ ಶುಕ್ರವಾರದ ವಿಧಿ ಮಧ್ಯಾಹ್ನದ ನಂತರಕ್ಕೂ ಸರಿದವು. ವ್ರತಕ್ಕೆ ಅರ್ಧ ದಿನ ಹೆಚ್ಚು ಸೇರಿತು.

ಇದಾದ ಹತ್ತು ವರ್ಷಕ್ಕೆ ನಿಯಮವೇ ಸಡಿಲವಾಯಿತು. 1917ರ ಸಂಹಿತೆಯಲ್ಲಿ 21 ವರ್ಷ ತುಂಬಿದವರಿಂದ 59 ವರ್ಷ ತುಂಬುವವರೆಗಿನವರಿಗೆ ಭಾನುವಾರಗಳನ್ನು ಬಿಟ್ಟು ತಪಸ್ಸುಕಾಲದ ಪ್ರತಿದಿನವೂ ಉಪವಾಸವಿತ್ತು, 7 ವರ್ಷ ತುಂಬಿದ ಮಕ್ಕಳಿಗೂ ಗೊತ್ತಾದ ದಿನಗಳಲ್ಲಿ ಮಾಂಸವರ್ಜನೆಯಿತ್ತು. ಇವುಗಳಿಗೆ ವಿನಾಯಿತಿಗಳನ್ನು ನೀಡುವ ಅಧಿಕಾರ ಬಿಷಪರಿಗಿತ್ತು. ಪೋಪ್ ಆರನೆಯ ಪೌಲರು 1966ರ ಫೆಬ್ರವರಿ 17ರಂದು ಹೊರಡಿಸಿದ ಆದೇಶವು ಕಡ್ಡಾಯ ಉಪವಾಸವನ್ನು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬ ಎರಡು ದಿನಗಳಿಗೆ ಇಳಿಸಿತು. 1983ರ ಹೊಸ ಸಂಹಿತೆ ಅದನ್ನೇ ಉಳಿಸಿಕೊಂಡು ಉಪವಾಸದ ಆರಂಭದ ವಯಸ್ಸನ್ನು 18ಕ್ಕೆ ತಂದಿತು, ಮಾಂಸವರ್ಜನೆ 14 ತುಂಬಿದವರಿಗೆ ಅನ್ವಯಿಸುತ್ತದೆ. ದಂಡನೆಯ ಭಯದ ಬದಲು ಪ್ರೀತಿಯ ಕಾರ್ಯ ಮತ್ತು ದಾನಕ್ಕೆ ಒತ್ತು ನೀಡಬೇಕೆಂಬ ಆಶಯ ಇದರ ಹಿಂದಿತ್ತು. ಭಾರತದ ಬಿಷಪರ ಸೇವಾ ಸಂಸ್ಥೆಯಾಗಿ 1962ರಲ್ಲಿ ಆರಂಭವಾದ ಕಾರಿತಾಸ್ ಇಂಡಿಯಾ ಹಸಿವು ಮತ್ತು ರೋಗದ ವಿರುದ್ಧ ತಪಸ್ಸುಕಾಲದಲ್ಲಿ ನಡೆಸುವ ಅಭಿಯಾನದ ಮೂಲಕ ಬಿಟ್ಟ ಊಟದ ಹಣ ಹಸಿದವರಿಗೆ ತಲುಪುವ ದಾರಿಯೊಂದು ಮನೆಗಳಿಗೆ ಸಿಕ್ಕಿತು.

ಕಾನೂನು ಇಷ್ಟು ಹಗುರವಾದ ಮೇಲೂ ಕರಾವಳಿಯ ಮನೆಗಳಲ್ಲಿ ವ್ರತ ಕುಸಿಯಲಿಲ್ಲ. ಆರಂಭದಿಂದಲೂ ಅದರ ತೂಕ ಮನೆಯ ಸಂಕಲ್ಪದ ಮೇಲಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮುಂಬಯಿಗೂ ಅನಂತರ ಕೊಲ್ಲಿ ರಾಷ್ಟ್ರಗಳಿಗೂ ದುಡಿಯಲು ಹೋದವರು ಅದನ್ನು ಜೊತೆಗೆ ಕೊಂಡೊಯ್ದರು. ಶುಕ್ರವಾರವೇ ವಾರದ ರಜೆಯಾಗಿರುವ ಕೊಲ್ಲಿಯ ಹಲವು ದೇಶಗಳಲ್ಲಿ ಕುಟುಂಬ ಒಟ್ಟಿಗೆ ಕುಳಿತು ಉಣ್ಣಬಹುದಾದ ದಿನವೂ ಮಾಂಸ ತೊರೆಯಬೇಕಾದ ದಿನವೂ ಒಂದೇ ಆಗಿರುವುದರಿಂದ, ಊರಿನಲ್ಲಿ ಎಂದೂ ಎದುರಾಗದ ಬಗೆಯ ಒಂದು ತ್ಯಾಗ ಅಲ್ಲಿ ಸೇರಿಕೊಂಡಿತು. ಊರಿನ ಮನೆಗಳಲ್ಲಿ ಉಳಿದ ಅಜ್ಜಿಯಂದಿರು, ಸಂಹಿತೆಯ ವಯೋಮಿತಿಯಿಂದ ಎಂದೋ ಹೊರಗಾದವರು, ನಲವತ್ತು ದಿನವೂ ಒಪ್ಪೊತ್ತು ಉಣ್ಣುವುದನ್ನು ನಿಲ್ಲಿಸಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಾಗಿ ಎರಡು ತುತ್ತು ಉಣ್ಣಿರೆಂದು ಗುರುಗಳೂ ಮಕ್ಕಳೂ ಈಗ ಅವರನ್ನು ಒಪ್ಪಿಸಬೇಕಾಗಿದೆ.